ಐಸ್ ಬಕೆಟ್‌ನಲ್ಲಿ ತೊಗರಿ ಬೇಳೆ: ದೊಡ್ಡಪ್ಪನ ಸಾಗವಾನಿ ಡಬ್ಬಿ ಬಾಯಿ ಬಿಟ್ಟಿದೆ, ಏನು ಮಾಡಲಿ?

ಗಂಜ್‌ರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಮ್ಮ ದೊಡ್ಡಪ್ಪ ಇಲ್ಲಿನ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ ಓದಿ 1971ರಲ್ಲಿ ಅಮೆರಿಕಕ್ಕೆ ಹೋದವರು. ಹನ್ನೆರಡು ವರ್ಷ ಇದ್ದು ವಾಪಸ್ ಬರುವಾಗ ಎರಡು ಟ್ರಂಕು ಸಾಮಾನು ತಂದಿದ್ದರು. ಅದರಲ್ಲಿ ಒಂದು ಕಟ್ಟಿಗೆ ಡಬ್ಬಿ ಇತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಡಾಕ್ಟರೊಬ್ಬರು ಬೀಳ್ಕೊಡುವಾಗ ಕೊಟ್ಟಿದ್ದಂತೆ. ಅದು ಐಸ್ ಬಕೆಟ್. ಪಾರ್ಟಿಯಲ್ಲಿ ಐಸ್ ತುಂಬಿ ಟೇಬಲ್ ಮೇಲೆ ಇಡೋದು. ನಮ್ಮ ಮನೆಯಲ್ಲಿ ಕುಡಿಯೋರು ಯಾರೂ ಇಲ್ಲ. 1983ರಲ್ಲಿ ಫ್ರಿಜ್ ಕೂಡ ಇರಲಿಲ್ಲ. ಅವ್ವ ಅದನ್ನು ನೋಡಿ "ಮುಚ್ಚಳ ಛಲೋ ಅದ" ಅಂದು ತೊಗರಿ ಬೇಳೆ ತುಂಬಿಟ್ಟಳು. ಅವತ್ತಿನಿಂದ ಅದು ಬೇಳೆ ಡಬ್ಬಿ.

ಈ ಬೇಸಿಗೆಯಲ್ಲಿ ಅಡುಗೆಮನೆಗೆ ಸುಣ್ಣ ಬಳಿಸುವಾಗ ಅದನ್ನು ಹಾಲ್‌ನಲ್ಲಿ ಕೂಲರ್ ಮುಂದೆ ಇಟ್ಟಿದ್ದೆವು. ಒಂದು ತಿಂಗಳು ಅಲ್ಲೇ ಇತ್ತು. ಆಮೇಲೆ ಒಲೆ ಪಕ್ಕದ ಕಟ್ಟೆ ಮೇಲೆ ವಾಪಸ್ ಹೋಯಿತು. ಕಟ್ಟಿಗೆ ಪಟ್ಟಿ ಜೋಡಿಸಿ ಮಾಡಿದ್ದು ಅದು, ಈಗ ಎರಡು ಪಟ್ಟಿಗಳ ನಡುವೆ ಬಾಯಿ ಬಿಟ್ಟಿದೆ. ಐದು ರೂಪಾಯಿ ನಾಣ್ಯ ಅಡ್ಡ ತೂರಿಸಿದರೆ ಹೋಗುತ್ತೆ. ಬೇಳೆ ಸೋರುತ್ತಿದೆ. ಅವ್ವ ಗುಜರಿಗೆ ಹಾಕು ಅಂತಾಳೆ. ನನಗೆ ಮನಸ್ಸಿಲ್ಲ. ಒಂದೂಕಾಲು ಅಡಿ ಎತ್ತರ ಇದೆ, ಎರಡು ಕಡೆ ಪಟ್ಟಿಗಳು ಕೋಡಿನ ಹಾಗೆ ಮೇಲಕ್ಕೆ ಎದ್ದು ಹಿಡಿಕೆ ಆಗಿವೆ. ಎಲ್ಲೂ ಮೊಳೆ ಇಲ್ಲ, ಕಬ್ಬಿಣದ ಪಟ್ಟಿ ಇಲ್ಲ. ಇದು ಏನು, ರಿಪೇರಿ ಮಾಡಬಹುದಾ?

ಬಡಿಗೇರ ಶಹಾಬಾದ್

ಅಣ್ಣ, ಮೊದಲು ಬೇಳೆ ಖಾಲಿ ಮಾಡಿ. ತಳ ತಿರುಗಿಸಿ ಅಲ್ಲಿ ಏನು ಬರೆದಿದೆ ಹೇಳಿ. ಸುಟ್ಟು ಒತ್ತಿದ ಮುದ್ರೆ ಇರಬೇಕು. ಇನ್ನೊಂದು, ಒಳಗಿನ ಪ್ಲಾಸ್ಟಿಕ್ ಡಬ್ಬಿ ಎಲ್ಲಿ?

ಭೀಮಾತೀರ (ಯಾದಗಿರಿ)

ಐಸ್ ಬಕೆಟ್‌ನಲ್ಲಿ ತೊಗರಿ ಬೇಳೆ! ನಿಮ್ಮ ಅವ್ವನಿಗೆ ದೊಡ್ಡ ನಮಸ್ಕಾರ.

ಗಂಜ್‌ರಸ್ತೆ

ತಳದಲ್ಲಿ ಸಾಲಾಗಿ ನಾಲ್ಕು ಬಾತುಕೋಳಿ ಇವೆ. ಕೆಳಗೆ ಡಾನ್ಸ್ಕ್ ಡಿಸೈನ್ಸ್, ಡೆನ್ಮಾರ್ಕ್. ಆಮೇಲೆ ಐ.ಎಚ್.ಕ್ಯೂ. ಅಂತ ಮೂರು ಅಕ್ಷರ. ಪ್ಲಾಸ್ಟಿಕ್ ಡಬ್ಬಿ ನಾನು ಕಂಡೇ ಇಲ್ಲ. ಬೇಳೆ ಸೀದಾ ಕಟ್ಟಿಗೆಯಲ್ಲೇ ಇರುತ್ತೆ. ಹುಳ ಬೀಳಬಾರದು ಅಂತ ಅವ್ವ ಬೇಳೆಗೆ ಔಡಲೆಣ್ಣೆ ಹಚ್ಚುತ್ತಾಳೆ, ಹಾಗಾಗಿ ಒಳಗೆಲ್ಲ ಕಪ್ಪು ಅಂಟು.

ಚೌಬಾರಾ ಅಕ್ಕ (ಬೀದರ್)

ನಾಲ್ಕು ಬಾತುಕೋಳಿ ಅಂದ್ರಾ! ಗುಜರಿ ಮಾತು ಎತ್ತಬೇಡಿ ತಮ್ಮಾ.

ಹೆಸರು ಡ್ಯಾನಿಶ್, ಆದರೆ ಡಾನ್ಸ್ಕ್ ಶುರುವಾಗಿದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ಕಡೆಯ ಟೆಡ್ ಮತ್ತು ಮಾರ್ಥಾ ನೀರೆನ್‌ಬರ್ಗ್ ಅನ್ನೋ ಗಂಡ ಹೆಂಡತಿ 1954ರಲ್ಲಿ ಕಟ್ಟಿದ ಕಂಪನಿ. ಅವರು ಕೋಪನ್‌ಹೇಗನ್ನಿಗೆ ಹೋದಾಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಸಾಗವಾನಿ ಹಿಡಿಕೆಯ ಚಮಚ, ಫೋರ್ಕು ನೋಡಿದರು. ಮಾಡಿದವನು ಯೆನ್ಸ್ ಹರಾಲ್ಡ್ ಕ್ವಿಸ್ಟ್‌ಗಾರ್ಡ್, ನಿಮ್ಮ ತಳದ ಮೂರು ಅಕ್ಷರ ಅವನ ಹೆಸರಿನದ್ದೇ. ಶಿಲ್ಪಿಯ ಮಗ. ಅವನನ್ನು ಹುಡುಕಿಕೊಂಡು ಹೋಗಿ, ಇದನ್ನು ಫ್ಯಾಕ್ಟರಿಯಲ್ಲಿ ಮಾಡೋಣ ಅಂತ ಒಪ್ಪಿಸಿದರು. ಆಮೇಲೆ ಸುಮಾರು ಮೂವತ್ತು ವರ್ಷ ಅವನು ಡಾನ್ಸ್ಕ್‌ಗೆ ತಟ್ಟೆ, ಬಟ್ಟಲು, ಟ್ರೇ, ಮೆಣಸಿನ ಪುಡಿ ಗಿರಣಿ ಎಲ್ಲ ಮಾಡಿಕೊಟ್ಟ. ನಿಮ್ಮ ಬಕೆಟ್ಟನ್ನು ಸೇರಿಸೋರು "ಕಾಂಗೋ" ಅಂತ ಕರೀತಾರೆ. ಆ ಕೋಡು ನೋಡಿದರೆ ಬೇರೆ ಯಾವುದೂ ಅಲ್ಲ.

ಬಾತುಕೋಳಿ ಮುದ್ರೆ ಮೊದಮೊದಲ ಕಾಲದ್ದು, 1950-60ರ ದಶಕ. ಆಮೇಲೆ ಬಾತುಕೋಳಿ ಹಾರಿಹೋದವು, ಬರೀ ಹೆಸರು ಉಳಿಯಿತು. ಇನ್ನೂ ತಡವಾಗಿ ಮಾಡಿದ್ದರಲ್ಲಿ ಥಾಯ್ಲೆಂಡ್, ಮಲೇಷಿಯಾ ಅಂತ ಇರುತ್ತೆ.

ಜುಮೆರಾತ್ (ಹುಮನಾಬಾದ್, ಈಗ ಹೈದರಾಬಾದ್)

ಯೆನ್ಸ್ ಅಂದರೆ ಜೆ.ಎಚ್.ಕ್ಯೂ. ಆಗಬೇಕಲ್ವಾ ಅಕ್ಕ? ಐ ಯಾಕೆ? ನಕಲಿ ಇರಬಹುದಾ?

ಚೌಬಾರಾ ಅಕ್ಕ

ನಕಲಿ ಅಲ್ಲ. ಹಳೆ ಲ್ಯಾಟಿನ್ ಕೆತ್ತನೆಯಲ್ಲಿ ಐ, ಜೆ ಎರಡಕ್ಕೂ ಒಂದೇ ಅಕ್ಷರ. ಅವನು ಹಾಗೇ ಸಹಿ ಮಾಡುತ್ತಿದ್ದ. ಜೆ ಇಲ್ಲ ಅಂತ ಒಳ್ಳೆ ಮಾಲು ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ.

ಸುರಪುರದವ

ನನಗೆ ಒಂದು ವಿಷಯ ತಿಳಿಯೋದಿಲ್ಲ. ಡೆನ್ಮಾರ್ಕಿನಲ್ಲಿ ಸಾಗವಾನಿ ಗಿಡ ಎಲ್ಲಿದೆ? ಅಲ್ಲಿ ಹಿಮ ಬೀಳುತ್ತೆ. ನಮ್ಮ ಕಡೆ ಕಟ್ಟಿಗೆಯನ್ನು ಅವರು ಕೊಯ್ದು, ಪಾಲಿಶ್ ಮಾಡಿ, ಹೆಸರು ಒತ್ತಿ ವಾಪಸ್ ಮಾರಿದರೆ ನಾವು ಬಾಯಿ ಬಿಟ್ಟುಕೊಂಡು ನೋಡೋದು. ದಾಂಡೇಲಿ ಸಾಗವಾನಿ ಇಲ್ವಾ? ಬಲ್ಲಾರ್ಷಾ ಸಾಗವಾನಿ ಇಲ್ವಾ? ಸುರಪುರದ ಹಳೆ ವಾಡೆ ಬಾಗಿಲು ನೋಡಿ ಬನ್ನಿ ಒಮ್ಮೆ.

ಚೌಬಾರಾ ಅಕ್ಕ

ಗಿಡ ಇಲ್ಲ, ಹಡಗು ಇತ್ತು. ಎಚ್.ಎನ್. ಆಂಡರ್ಸನ್ ಅನ್ನೋ ಡೇನ್ 1884ರಲ್ಲಿ ಬ್ಯಾಂಕಾಕಿನಲ್ಲಿ ಅಂಗಡಿ ಇಟ್ಟ. ಸಯಾಂ ದೇಶದ (ಈಗಿನ ಥಾಯ್ಲೆಂಡ್) ಸಾಗವಾನಿಯನ್ನು ಯುರೋಪಿಗೆ ಸಾಗಿಸಿ ದೊಡ್ಡ ಸಾಹುಕಾರ ಆದ. 1897ರಲ್ಲಿ ಕೋಪನ್‌ಹೇಗನ್ನಿನಲ್ಲಿ ಈಸ್ಟ್ ಏಷಿಯಾಟಿಕ್ ಕಂಪನಿ ಕಟ್ಟಿದ. ಹಾಗಾಗಿ ಅಲ್ಲಿನ ಬಡಿಗರಿಗೆ ಸಾಗವಾನಿ ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಅದರ ಮೇಲೇ ಬಿದ್ದರು. ಕುರ್ಚಿಯಿಂದ ಹಿಡಿದು ಉಪ್ಪಿನ ಡಬ್ಬಿ ತನಕ ಎಲ್ಲ ಸಾಗವಾನಿ. ಫಿನ್ ಯೂಲ್ ಅಂತ ದೊಡ್ಡ ಕುರ್ಚಿ ಡಿಸೈನರ್, ಅವನೂ ಕಾಯ್ ಬೊಯೆಸನ್ ಅಂಗಡಿಗೆ ಸಾಗವಾನಿ ಬಟ್ಟಲು ಮಾಡಿಕೊಟ್ಟ. ಅಂಚು ಎಷ್ಟು ತೆಳ್ಳಗೆ ಅಂದರೆ ಪಿಂಗಾಣಿ ಅನ್ನಿಸಬೇಕು.

ವಸಾಹತು ಲೂಟಿ ಅಂತ ಬೈಯಬೇಕಾದರೆ ಬೈಯಿರಿ, ನಾನು ಅಡ್ಡ ಬರೋದಿಲ್ಲ. ಆದರೆ ಬಟ್ಟಲು ಚಂದ ಇದೆ.

ಸುರಪುರದವ

ಚಂದ ಇದೆ ಅಂತ ಒಪ್ಪಿದೆ. ನಮ್ಮ ಅಮ್ಮನ ಕೊಣಮಿಗಿ ಅದಕ್ಕಿಂತ ಚಂದ. ಒಂದೇ ದಿಮ್ಮಿಯಲ್ಲಿ ಕೆತ್ತಿದ್ದು, ಅಂಟು ಇಲ್ಲ ಏನಿಲ್ಲ. ಮೂರು ತಲೆಮಾರು ಅದರಲ್ಲೇ ಜೋಳದ ಹಿಟ್ಟು ನಾದಿದ್ದಾರೆ. ಮಧ್ಯೆ ಅಂಗೈ ಒತ್ತೋ ಜಾಗ ಎಷ್ಟು ಸವೆದಿದೆ ಅಂದರೆ ನೀರು ಹಾಕಿದರೆ ಅಲ್ಲೇ ನಿಲ್ಲುತ್ತೆ.

ಟೀಚರ್ ಬಾಯಿ (ಭಾಲ್ಕಿ)

ಕೊಣಮಿಗಿ ಅಂದರೆ ಯಾವುದು? ನಾವು ಪರಾತ ಅಂತೀವಿ.

ಸುರಪುರದವ

ಪರಾತ ಹಿತ್ತಾಳೆದು, ಸ್ಟೀಲ್‌ದು ಟೀಚರ್. ಕಟ್ಟಿಗೆದು ಕೊಣಮಿಗಿ.

ಭೀಮಾತೀರ

ನಮ್ಮ ಮನೆಯಲ್ಲಿ ಕೊಮ್ಮಣಿಗೆ ಅಂತಾರೆ. ಜಗಳ ಬೇಡ, ರೊಟ್ಟಿ ಒಂದೇ.

ಚೌಬಾರಾ ಅಕ್ಕ

ಸುರಪುರದವರೇ, ನೀವು ಹೇಳಿದ ಮಾತನ್ನು ಅಮೆರಿಕದ ಡಿಸೈನರುಗಳೂ ಹೇಳಿದ್ದಾರೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸುತ್ತಿ 1958ರಲ್ಲಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಜಾಸ್ತಿ ಹೊಗಳಿದ್ದು ಯಾವುದೋ ಅರಮನೆ ಸಾಮಾನನ್ನಲ್ಲ, ನೀರು ತರೋ ತಂಬಿಗೆಯನ್ನು. ಸೊಂಟದ ಮೇಲೆ ಹೇಗೆ ಕೂರುತ್ತೆ, ತುಂಬಿದಾಗ ತೂಕ ಎಲ್ಲಿ ಬೀಳುತ್ತೆ, ಸುರಿಯುವಾಗ ಹೇಗೆ, ಎಲ್ಲ ಲೆಕ್ಕ ಹಾಕಿ ಬರೆದರು. ಅಹಮದಾಬಾದಿನ ಡಿಸೈನ್ ಸಂಸ್ಥೆ 1961ರಲ್ಲಿ ಹುಟ್ಟಿದ್ದೇ ಆ ವರದಿಯಿಂದ.

ನನ್ನ ಕಪಾಟಿನಲ್ಲಿ ಡಾನ್ಸ್ಕ್ ಟ್ರೇ ಪಕ್ಕ ನಮ್ಮ ಅಜ್ಜಿಯ ಕಟ್ಟಿಗೆ ಸೌಟೂ ಇದೆ. ಎರಡೂ ಒಂದೇ ಮನೆತನದವು ಅನ್ನಿಸುತ್ತೆ.

ಕಪ್ಪು ಬಿಳಿ (ಬೀದರ್)

ಬೀದರಿನಲ್ಲಿ ಕೂತು ಡೆನ್ಮಾರ್ಕ್ ಸಾಮಾನು ಸೇರಿಸೋದು ನೋಡಿ ನಗು ಬರುತ್ತೆ ಅಕ್ಕ, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಬಿದರಿ ಇದೆ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡೋದು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದನ್ನು ಸೇರಿಸಿ.

ಚೌಬಾರಾ ಅಕ್ಕ

ಸೇರಿಸಿದ್ದೇನೆ, ಹೂದಾನಿ ಎರಡಿವೆ. ಆದರೆ ಬಿದರಿ ಬಟ್ಟಲಿನಲ್ಲಿ ನೀವು ಮೊಸರು ತಿಂತೀರಾ? ಸತುವಿನ ಪಾತ್ರೆಗೆ ಹುಳಿ ಆಗೋದಿಲ್ಲ. ಅದು ನೋಡೋಕೆ. ನನಗೆ ಬೇಕಾದ್ದು ಊಟದ ಹೊತ್ತಿಗೆ ಎತ್ತಿ ಟೇಬಲ್ ಮೇಲೆ ಇಡೋ ಸಾಮಾನು. ಇನ್ನೊಂದು, ಬಿದರಿಯಲ್ಲಿ ಕಣ್ಣು ಹೋಗೋದು ಹೂಬಳ್ಳಿಗೆ. ಈ ಬಕೆಟ್ ಮೇಲೆ ಒಂದು ಗೆರೆ ಚಿತ್ರ ಇಲ್ಲ. ಕಟ್ಟಿಗೆಯ ಎಳೆನೇ ಚಿತ್ರ. ಎರಡೂ ಬೇರೆ ಬೇರೆ ಆಸೆ. ಎರಡೂ ಇಟ್ಟುಕೊಂಡರೆ ಯಾರಿಗೇನು ನಷ್ಟ?

ಕಪ್ಪು ಬಿಳಿ

ಮೊಸರಿನ ಮಾತು ಒಪ್ಪಿದೆ.

ಗಂಜ್‌ರಸ್ತೆ

ಚರ್ಚೆ ಚಲೋ ನಡೀತಿದೆ, ಆದರೆ ನನ್ನ ಬಿರುಕು? ಪಕ್ಕದ ಮನೆ ಕಾಕಾ ಹೇಳಿದರು, ರಾತ್ರಿ ಇಡೀ ನೀರು ತುಂಬಿಡು, ಕಟ್ಟಿಗೆ ಉಬ್ಬಿ ಬಿರುಕು ತಾನೇ ಕೂಡುತ್ತೆ ಅಂತ. ಮಾಡಲಾ?

ಬಡಿಗೇರ ಶಹಾಬಾದ್

ಬೇಡ! ಬೇಡ! ಕೈ ಮುಗೀತೀನಿ.

ಕಾಕಾ ಹೇಳಿದ್ದು ಸುಳ್ಳಲ್ಲ, ಆದರೆ ಬೇರೆ ಸಾಮಾನಿಗೆ. ನಮ್ಮ ಮುತ್ಯಾ ಬಂಡಿ ಗಾಲಿ ಮಾಡುತ್ತಿದ್ದರು. ಬೇಸಿಗೆಯಲ್ಲಿ ಗಾಲಿ ಒಣಗಿ ಸಡಿಲ ಆದರೆ ಕಾಗಿಣಾ ಹೊಳೆಯಲ್ಲಿ ಒಂದು ರಾತ್ರಿ ಮುಳುಗಿಸಿಡುತ್ತಿದ್ದರು. ಕಟ್ಟಿಗೆ ಉಬ್ಬಿ ಬಿಗಿಯಾಗುತ್ತಿತ್ತು. ಯಾಕೆ? ಸುತ್ತ ಕಬ್ಬಿಣದ ಹಳಿ ಇದೆ. ಉಬ್ಬಿದ ಕಟ್ಟಿಗೆ ಹೊರಗೆ ಹೋಗೋಕೆ ಆಗಲ್ಲ, ಒಳಗೊಳಗೇ ಒತ್ತಿಕೊಳ್ಳುತ್ತೆ.

ನಿಮ್ಮ ಬಕೆಟ್ಟಿಗೆ ಹಳಿ ಎಲ್ಲಿದೆ? ಪಟ್ಟಿಯಿಂದ ಪಟ್ಟಿಗೆ ಬರೀ ಅಂಟು. ನೀರು ತುಂಬಿದರೆ ಪ್ರತಿ ಪಟ್ಟಿ ಅಗಲ ಆಗುತ್ತೆ, ಸುತ್ತಳತೆ ಹಿಗ್ಗುತ್ತೆ, ಗಟ್ಟಿ ಇರೋ ಕಡೆ ಅಂಟೂ ಕಿತ್ತು ಬರುತ್ತೆ. ಆಮೇಲೆ ಒಣಗಿದಾಗ ಎಲ್ಲ ಕಡೆ ಬಾಯಿ. ಈಗ ಒಂದು ಬಿರುಕಿದೆ, ಆಮೇಲೆ ಹತ್ತು ಎಣಿಸುತ್ತೀರಿ.

ಕಟ್ಟಿಗೆ ಉದ್ದಕ್ಕೆ ಜಾಸ್ತಿ ಹಿಗ್ಗೋದಿಲ್ಲ, ಅಗಲಕ್ಕೆ ಹಿಗ್ಗುತ್ತೆ, ಕುಗ್ಗುತ್ತೆ. ಒಂದು ತಿಂಗಳು ಕೂಲರ್‌ನ ತೇವ ಕುಡೀತು, ಆಮೇಲೆ ಒಲೆ ಪಕ್ಕ ಕೂತು ಹಪ್ಪಳ ಆಯಿತು. ಅರವತ್ತು ವರ್ಷದ ಹಳೆ ಅಂಟು, ಅದು ತಡೆಯೋದಿಲ್ಲ. ಕಟ್ಟಿಗೆಯದ್ದು ಏನೂ ತಪ್ಪಿಲ್ಲ.

ಗಂಜ್‌ರಸ್ತೆ

ಹಾಗಾದರೆ ದಾರಿ?

ಬಡಿಗೇರ ಶಹಾಬಾದ್

ಬರೆದುಕೊಳ್ಳಿ. ಎರಡು ವಾರ ಸುಮ್ನೆ ನೆರಳಲ್ಲಿ ಇಡಿ, ಕೂಲರೂ ಬೇಡ, ಒಲೆನೂ ಬೇಡ. ಅಷ್ಟರಲ್ಲಿ ಬಿರುಕು ಅರ್ಧ ಕಡಿಮೆ ಆಗಬಹುದು.

ಆಮೇಲೆ ಬಿರುಕಿನ ಒಳಗಿನ ಹಳೆ ಅಂಟನ್ನು ಹಳೆ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೀರಿ. ಈಗ ಮುಖ್ಯವಾದ ಮಾತು: ಸಾಗವಾನಿಯಲ್ಲಿ ಎಣ್ಣೆ ಇರುತ್ತೆ, ಅಂಟು ಹಿಡಿಯೋದಿಲ್ಲ. ಅದಕ್ಕೇ ಅದು ಮಳೆಗೆ ಜಗ್ಗೋದಿಲ್ಲ, ಅದಕ್ಕೇ ನಮಗೆ ಕಾಟ. ಬಟ್ಟೆಗೆ ಅಸಿಟೋನ್ ಹಚ್ಚಿ ಎರಡೂ ಮುಖ ಒರೆಸಿ. ಒರೆಸಿದ ಹದಿನೈದು ನಿಮಿಷದ ಒಳಗೆ ಅಂಟು ಹಾಕಿಬಿಡಿ, ತಡ ಆದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಅಂಟು ಎರಡು ಟ್ಯೂಬ್ ಕಲಸೋ ಎಪಾಕ್ಸಿ ಹಾಕಿ, ನಿಧಾನಕ್ಕೆ ಗಟ್ಟಿಯಾಗೋದು. ಐದು ನಿಮಿಷದ್ದು ಬೇಡ.

ಬಿಗಿಯೋಕೆ ಶಿಕಂಜೆ ಕೂರೋದಿಲ್ಲ, ಗುಂಡಗಿದೆ, ಕೆಳಗೆ ಸಣ್ಣ, ಮೇಲೆ ದೊಡ್ಡ. ಪಂಕ್ಚರ್ ಅಂಗಡಿಯಲ್ಲಿ ಹಳೆ ಸೈಕಲ್ ಟ್ಯೂಬ್ ಸಿಗುತ್ತೆ. ಉದ್ದಕ್ಕೆ ಸೀಳಿ, ಎಳೆದೆಳೆದು ಸುತ್ತಿ. ಹತ್ತು ಸುತ್ತು ಹಾಕಿದರೆ ಮರದ ಮೇಲೆ ಗುರುತೂ ಬೀಳೋದಿಲ್ಲ, ಎಲ್ಲ ಕಡೆಯಿಂದ ಸಮ ಒತ್ತುತ್ತೆ. ಒಂದು ದಿನ ಬಿಡಿ.

ಚೌಬಾರಾ ಅಕ್ಕ

ಸೈಕಲ್ ಟ್ಯೂಬ್! ಈ ಐಡಿಯಾ ನನಗೆ ಹೊಳೆದಿರಲಿಲ್ಲ. ಒಂದೇ ಒಂದು ಮಾತು ಸೇರಿಸುತ್ತೇನೆ. ತಳದ ಮುದ್ರೆ ಮೇಲೆ ಸ್ಯಾಂಡ್‌ಪೇಪರ್ ತಾಗಿಸಬೇಡಿ. ಬಾತುಕೋಳಿ ಅಳಿಸಿದರೆ ಅದು ಬರೀ ಕಟ್ಟಿಗೆ ಡಬ್ಬಿ.

ಮಲ್ಲಿಗೆ ಕಾಕಿ (ಸೇಡಂ)

ಒಳಗಿನ ಔಡಲೆಣ್ಣೆ ಅಂಟಿಗೆ ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ, ಬಟ್ಟೆ ಹಿಂಡಿ ಒರೆಸಿ, ತಕ್ಷಣ ಒಣಗಿಸಿ. ನೆನೆಸಬೇಡಿ. ನಾಲ್ಕೈದು ಸಲ ಮಾಡಿದರೆ ಹೋಗುತ್ತೆ. ಆಮೇಲೆ ಶೇಂಗಾ ಎಣ್ಣೆ ಹಚ್ಚಿ, ಫಳಫಳ ಹೊಳೆಯುತ್ತೆ.

ಔಷಧಿ ಅಂಗಡಿ ಶರಣು (ಕಲಬುರಗಿ)

ಕಾಕಿ, ಸೋಪಿನ ಮಾತು ನೂರಕ್ಕೆ ನೂರು. ಶೇಂಗಾ ಎಣ್ಣೆ ಮಾತ್ರ ಬೇಡ. ಶೇಂಗಾ ಎಣ್ಣೆ ಒಣಗೋದಿಲ್ಲ, ಕಟ್ಟಿಗೆಯಲ್ಲೇ ಕೂತು ಕಮಟು ಹಿಡಿಯುತ್ತೆ. ಈಗ ಇರೋ ಅಂಟೂ ಅದೇ ಜಾತಿ.

ನಮ್ಮ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತೆ, ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಔಷಧಿ ದರ್ಜೆಯದ್ದು) ಅಂತ ಬರೆದಿರೋದೇ ತಗೊಳ್ಳಿ. ಮಲಬದ್ಧತೆಗೆ ಕೊಡೋದು. ಬಣ್ಣ ಇಲ್ಲ, ವಾಸನೆ ಇಲ್ಲ, ಎಷ್ಟು ವರ್ಷ ಆದರೂ ಕೆಡೋದಿಲ್ಲ. ಊಟದ ಸಾಮಾನಿಗೆ ಯಾವ ಹೆದರಿಕೆನೂ ಇಲ್ಲ. ತೆಳ್ಳಗೆ ಹಚ್ಚಿ ರಾತ್ರಿ ಬಿಟ್ಟು, ಬೆಳಿಗ್ಗೆ ಹೆಚ್ಚಿನದನ್ನು ಒರೆಸಿ. ಸ್ವಲ್ಪ ಜೇನುಮೇಣ ಕರಗಿಸಿ ಸೇರಿಸಿದರೆ ಇನ್ನೂ ಛಲೋ.

ಮಲ್ಲಿಗೆ ಕಾಕಿ

ಜುಲಾಬಿನ ಎಣ್ಣೆ ಬೇಳೆ ಡಬ್ಬಿಗೆ! ಕಲಿಗಾಲ.

ಭೀಮಾತೀರ

ಅಗಸಿ ಎಣ್ಣೆ ಯಾಕೆ ಬೇಡ? ನಮ್ಮ ಹೊಲದಲ್ಲೇ ಅಗಸಿ ಬೆಳೀತೀವಿ. ಗಾಣದ ಎಣ್ಣೆ ಮನೆಯಲ್ಲೇ ಇದೆ.

ಔಷಧಿ ಅಂಗಡಿ ಶರಣು

ಅಗಸಿ ಆಗುತ್ತೆ. ಅದು ಗಾಳಿ ಹೀರಿ ಗಟ್ಟಿ ಪದರ ಆಗೋ ಎಣ್ಣೆ. ಆದರೆ ತಾಳ್ಮೆ ಬೇಕು, ಒಂದು ಕೈ ಒಣಗೋಕೆ ವಾರಗಟ್ಟಲೆ ಹಿಡಿಯುತ್ತೆ. ಕಟ್ಟಿಗೆ ಬಣ್ಣವೂ ಸ್ವಲ್ಪ ಹಳದಿ ತಿರುಗುತ್ತೆ. ಪೇಂಟ್ ಅಂಗಡಿಯ "ಬಾಯ್ಲ್ಡ್" ಅಗಸಿ ಎಣ್ಣೆ ಮಾತ್ರ ಊಟದ ಸಾಮಾನಿಗೆ ಹಚ್ಚಬೇಡಿ, ಬೇಗ ಒಣಗಲಿ ಅಂತ ಅದರಲ್ಲಿ ಲೋಹದ ಔಷಧಿ ಬೆರೆಸಿರುತ್ತಾರೆ.

ಇನ್ನೊಂದು, ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಒಣಗುವಾಗ ಒಳಗೊಳಗೇ ಕಾದು ತಾನೇ ಹೊತ್ತಿಕೊಳ್ಳುತ್ತೆ. ಕಲಬುರಗಿ ಮೇ ತಿಂಗಳಲ್ಲಂತೂ ಕೇಳಲೇಬೇಡಿ. ಹಗ್ಗದ ಮೇಲೆ ಬಿಡಿಸಿ ಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಭೀಮಾತೀರ

ಅಯ್ಯೋ, ನಾನು ಅದನ್ನೇ ಮಾಡ್ತಿದ್ದೆ. ಈಗಲೇ ಹೋಗಿ ನೋಡ್ತೀನಿ.

ಭೀಮಾತೀರ

ಏನೂ ಆಗಿಲ್ಲ. ಬಿಡಿಸಿ ಹಾಕಿದೆ.

ಜುಮೆರಾತ್

ಪಾಲಿಶ್ ಮಾತು ಬಂತು ಅಂತ ನನ್ನ ಹೊಟ್ಟೆನೋವು ಹೇಳಿಕೊಳ್ತೀನಿ. ಇಲ್ಲಿ ಪುರಾನಾ ಪುಲ್ ಹತ್ತಿರ ಗುರುವಾರದ ಜುಮೆರಾತ್ ಬಜಾರಿನಲ್ಲಿ ಬೆಳಿಗ್ಗೆ ಆರಕ್ಕೇ ಹೋದರೆ ಒಮ್ಮೊಮ್ಮೆ ಲಕ್ಷ್ಮಿ ಒಲಿಯುತ್ತಾಳೆ. ಎರಡು ವರ್ಷದ ಹಿಂದೆ ಡಿಗ್ಸ್‌ಮೆಡ್ ಅಂತ ಡ್ಯಾನಿಶ್ ಕಂಪನಿಯ ಮಸಾಲೆ ಸ್ಟ್ಯಾಂಡು ಸಿಕ್ಕಿತು. ಸಾಗವಾನಿ, ಹಿಂದೆ 1964 ಅಂತ ಮುದ್ರೆ. ಗಾಜಿನ ಬಾಟಲಿ ಅರ್ಧ ಇರಲಿಲ್ಲ. ಮಾರೋನು ಅದನ್ನು ಬೀಗದ ಕೈ ತೂಗು ಹಾಕೋ ಹಲಗೆ ಅಂದ. 300 ರೂಪಾಯಿ.

ಖುಷಿಯಲ್ಲಿ ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಬರೀ ಎಣ್ಣೆ ಹಚ್ಚಿ ಕೊಡಿ ಅಂತ ಎರಡು ಸಲ ಹೇಳಿದೆ. ವಾಪಸ್ ತಂದು ನೋಡಿದರೆ ಕನ್ನಡಿ! ಮೆಲಮೈನ್ ಸ್ಪ್ರೇ ಹೊಡೆದು, ಮೇಲೆ ಕೆಂಪು ಬಣ್ಣದ ಸ್ಟೇನ್ ಬೇರೆ. ಮುದ್ರೆ ತುಂಬಿಹೋಗಿದೆ. ಅವನು ಹೇಳ್ತಾನೆ, "ಸಾಬ್, ನಯಾ ಕರ್ ದಿಯಾ." ಬಾಯಿಂದ ಮಾತೇ ಹೊರಡಲಿಲ್ಲ. ದುಡ್ಡು ಕೊಟ್ಟು ಬಂದೆ.

ಬಡಿಗೇರ ಶಹಾಬಾದ್

ನಾವೂ ಹಾಗೇ ಮಾಡ್ತೀವಿ ಸರ್, ಬೈಕೋಬೇಡಿ. ನೂರರಲ್ಲಿ ತೊಂಬತ್ತೊಂಬತ್ತು ಗಿರಾಕಿಗೆ ಹೊಳಪೇ ಬೇಕು. ಮ್ಯಾಟ್ ಬಿಟ್ಟರೆ "ಕೆಲಸ ಅರ್ಧಕ್ಕೆ ಬಿಟ್ಟಿದ್ದೀಯ" ಅಂತಾರೆ.

ಟೀಚರ್ ಬಾಯಿ

ನನ್ನದೊಂದು ಪ್ರಶ್ನೆ. ಆನ್‌ಲೈನಿನಲ್ಲಿ ಎಲೆ ಆಕಾರದ ಒಂದು ದೊಡ್ಡ ತಟ್ಟೆ ತಗೊಂಡೆ, "ಡ್ಯಾನಿಶ್ ಟೀಕ್, 1960" ಅಂತ ಬರೆದಿದ್ದರು, 2,800 ರೂಪಾಯಿ. ಮಧ್ಯೆ ಕಂದು, ಅಂಚಿನಲ್ಲಿ ಒಂದು ಕಡೆ ಬೆಣ್ಣೆ ಬಣ್ಣದ ದಪ್ಪ ಪಟ್ಟೆ. ಹಗುರ ಇದೆ. ಮುದ್ರೆ ಇಲ್ಲ.

ಚೌಬಾರಾ ಅಕ್ಕ

ಟೀಚರ್, ಅದು ಸಾಗವಾನಿ ಅಲ್ಲ. ಮಂಕಿಪಾಡ್ ಇರಬೇಕು. ಅಂದರೆ ನಮ್ಮ ರಸ್ತೆ ಬದಿ ಛತ್ರಿ ಹಾಗೆ ಹರಡೋ ಮಳೆಮರ, ಅದೇ. ಫಿಲಿಪೀನ್ಸಿನಲ್ಲಿ, ಹವಾಯಿಯಲ್ಲಿ ಟೂರಿಸ್ಟುಗಳಿಗೆ ಅಂತ ಇಂಥ ಎಲೆ ತಟ್ಟೆ ರಾಶಿ ರಾಶಿ ಮಾಡಿದರು. ಆ ಬೆಣ್ಣೆ ಪಟ್ಟೆ ಮರದ ಹೊರಭಾಗ, ಕಂದು ಒಳತಿರುಳು. ಎದ್ದು ಕಾಣೋ ಆ ಎರಡು ಬಣ್ಣವೇ ಗುರುತು. ಕೆಟ್ಟ ಸಾಮಾನಲ್ಲ, ಹಣ್ಣು ಇಡೋಕೆ ಚಂದ. ಆದರೆ ಡೆನ್ಮಾರ್ಕಿನ ಮುಖ ನೋಡಿದ್ದಲ್ಲ.

ಟೀಚರ್ ಬಾಯಿ

ನಮ್ಮ ಶಾಲೆ ಅಂಗಳದಲ್ಲೇ ಎರಡು ಮಳೆಮರ ಇವೆ! 2,800!

ಬಡಿಗೇರ ಶಹಾಬಾದ್

ಸಾಗವಾನಿ ಗುರುತು ಮೂಗಿಗೆ ಬಿಡಿ. ಕಾಣದ ಕಡೆ ಸ್ವಲ್ಪ ಉಜ್ಜಿ ಮೂಸಿದರೆ ಹಳೆ ಚಪ್ಪಲಿ ಅಂಗಡಿ ವಾಸನೆ, ಚರ್ಮದ್ದು. ಕೈಗೆ ಜಿಡ್ಡು ಅನ್ನಿಸುತ್ತೆ. ಉಳಿ ಬೇಗ ಮೊಂಡ ಆಗುತ್ತೆ, ಅದರೊಳಗೆ ಮರಳಿನಂಥ ಸಿಲಿಕಾ ಇದೆ. ತೂಕದಲ್ಲಿ ಬೀಟೆಗಿಂತ ಹಗುರ. ಘನ ಮೀಟರಿಗೆ ಸಾಗವಾನಿ ಸುಮಾರು 650 ಕೆ.ಜಿ., ಬೀಟೆ 800 ದಾಟುತ್ತೆ. ಒಂದೇ ಅಳತೆಯ ಎರಡು ಬಟ್ಟಲು ಎರಡು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತೆ.

ಸುರಪುರದವ

ಮರದ ಪಾತ್ರೆ ಅಂದರೆ ನಮ್ಮ ಮಾವ ನೆನಪಾದರು. ಹೊನ್ನೆ ಮರದ ಗ್ಲಾಸಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡೀತಾರೆ, ಶುಗರ್‌ಗೆ. ನೀರು ಜೇನಿನ ಬಣ್ಣ ಆಗುತ್ತೆ, ಬಿಸಿಲಿಗೆ ಹಿಡಿದರೆ ನೀಲಿ ಮಿಂಚು. ಅದು ಯಾವ ಮಾಯೆ?

ಔಷಧಿ ಅಂಗಡಿ ಶರಣು

ಮಾಯೆ ಅಲ್ಲ, ಹೊನ್ನೆಯಲ್ಲಿ ನೀರಿಗೆ ಬಿಡೋ ಬಣ್ಣ ಇದೆ, ಅದು ಬೆಳಕಿಗೆ ನೀಲಿಯಾಗಿ ಹೊಳೆಯುತ್ತೆ. ಗ್ಲಾಸು ನೋಡೋಕೆ ಚಂದ. ಮಾವನಿಗೆ ಹೇಳಿ, ಅದನ್ನು ಕುಡೀತೀನಿ ಅಂತ ಡಾಕ್ಟರ್ ಕೊಟ್ಟ ಗುಳಿಗೆ ಬಿಡಬಾರದು.

ಸುರಪುರದವ

ಬಿಟ್ಟಿದ್ದಾರೆ. ಅದೇ ಚಿಂತೆ.

ನಿರ್ವಾಹಕ

ಸಕ್ಕರೆ ಕಾಯಿಲೆಯ ಮಾತು ಆರೋಗ್ಯ ವಿಭಾಗದಲ್ಲಿ ಮುಂದುವರಿಸಿ. ಸುರಪುರದವರೇ, ಮಾವನನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಆಮೇಲೆ ಬರೆಯಿರಿ.

ಜುಮೆರಾತ್

ಅಕ್ಕ, ಕ್ವಿಸ್ಟ್‌ಗಾರ್ಡ್ ಬೀಟೆ ತರಹದ ಕಟ್ಟಿಗೆಯಲ್ಲೂ ಮಾಡಿದ್ದಾನಂತೆ. ಹೊರದೇಶದಿಂದ ಒಂದು ಬಟ್ಟಲು ತರಿಸಬೇಕು ಅಂತಿದ್ದೇನೆ.

ಚೌಬಾರಾ ಅಕ್ಕ

ಹೌದು, 1960ರ ದಶಕದಲ್ಲಿ "ರೇರ್ ವುಡ್ಸ್" ಅಂತ ಸಾಲು ಬಂತು. ಪಾಲಿಸಾಂಡರ್, ಆಫ್ರಿಕಾದ ವೆಂಗೆ, ಮುಟೆನ್ಯೆ ಎಲ್ಲ. ವೆಂಗೆ ಕಾಫಿ ಡಿಕಾಕ್ಷನ್ ಬಣ್ಣ, ನನಗೆ ಪ್ರಾಣ. ಆದರೆ ಪಾಲಿಸಾಂಡರ್ ಅಂದರೆ ರೋಸ್‌ವುಡ್, ಡಾಲ್ಬರ್ಜಿಯಾ ಜಾತಿ. ನಮ್ಮ ಬೀಟೆ, ಶೀಶಮ್ ಎರಡೂ ಅದೇ ಕುಲ. 2017ರ ಜನವರಿ 2ರಿಂದ ಆ ಕುಲ ಪೂರ್ತಿ ಸೈಟಿಸ್ ಒಪ್ಪಂದದ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕೋದು) ಪಟ್ಟಿಯಲ್ಲಿದೆ. ಬ್ರೆಜಿಲ್ ರೋಸ್‌ವುಡ್ಡಂತೂ 1992ರಿಂದ ಅತಿ ಬಿಗಿ ಪಟ್ಟಿಯಲ್ಲಿ. ಮಾರೋನನ್ನು ಯಾವ ಮರ ಅಂತ ಮೊದಲು ಕೇಳಿ, ಕಾಗದ ಇದೆಯಾ ಕೇಳಿ. "ಎಕ್ಸಾಟಿಕ್ ವುಡ್" ಅಂತ ಹಾರಿಸಿದರೆ ಬಿಟ್ಟುಬಿಡಿ. ಕಸ್ಟಮ್ಸ್‌ನಲ್ಲಿ ಸಿಕ್ಕರೆ ಬಟ್ಟಲೂ ಹೋಯಿತು, ದುಡ್ಡೂ ಹೋಯಿತು.

ಸಾಗವಾನಿ ಆ ಪಟ್ಟಿಯಲ್ಲಿ ಇಲ್ಲ. ಆದರೆ ಥಾಯ್ಲೆಂಡ್ 1989ರಲ್ಲೇ ಕಾಡು ಕಡಿಯೋದು ನಿಲ್ಲಿಸಿತು, ಬರ್ಮಾ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಗಂಜ್‌ರಸ್ತೆ ತಮ್ಮನ ಡಬ್ಬಿಯಲ್ಲಿರೋ ಆ ದಟ್ಟ ಎಳೆಯ ಹಳೆ ಕಾಡಿನ ಕಟ್ಟಿಗೆ ಈಗ ಅಂಗಡಿಯಲ್ಲಿ ಕೇಳಿದರೂ ಸಿಗೋದಿಲ್ಲ.

ಕಪ್ಪು ಬಿಳಿ

ಹಾಗಾದರೆ ಅದನ್ನು ಗಾಜಿನ ಕಪಾಟಿನಲ್ಲಿ ಇಡಬೇಕು. ಬೇಳೆ ತುಂಬೋದು ಅನ್ಯಾಯ. ಇಲ್ಲವೇ ಮಾರಿಬಿಡಿ, ಬೆಲೆ ಗೊತ್ತಿರೋರ ಹತ್ತಿರ ಹೋಗಲಿ.

ಮಲ್ಲಿಗೆ ಕಾಕಿ

ಯಾಕೆ ಅನ್ಯಾಯ? ಆ ಡಬ್ಬಿ ಅಮೆರಿಕದಲ್ಲಿದ್ದಿದ್ದರೆ ವರ್ಷಕ್ಕೆ ನಾಲ್ಕು ಪಾರ್ಟಿಯಲ್ಲಿ ಹೊರಗೆ ಬರುತ್ತಿತ್ತು. ಇಲ್ಲಿ ದಿನಾ ಎರಡು ಹೊತ್ತು ಕೈ ಆಡಿದೆ. ನಮ್ಮ ಮನೆಯಲ್ಲಿ ಗಾಜಿನ ಕಪಾಟಿನಲ್ಲಿಟ್ಟ ಯಾವ ಸಾಮಾನಿನ ಮೇಲೂ ಇಷ್ಟು ಕೈ ಆಡಿಲ್ಲ.

ಕಪ್ಪು ಬಿಳಿ

ಕೈ ಆಡಿದ್ದಕ್ಕೇ ಒಡೆದಿದ್ದು ಕಾಕಿ.

ಬಡಿಗೇರ ಶಹಾಬಾದ್

ಒಡೆದಿದ್ದು ಕೂಲರ್‌ನಿಂದ. ಬೇಳೆಯಿಂದ ಅಲ್ಲ.

ಗಂಜ್‌ರಸ್ತೆ

ಎಲ್ಲರಿಗೂ ಶರಣು ಮತ್ತೆ. ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ನೆರಳಲ್ಲಿಟ್ಟ ಹತ್ತನೇ ದಿನಕ್ಕೆ ಬಿರುಕಿನಲ್ಲಿ ನಾಣ್ಯ ಹೋಗುತ್ತಿರಲಿಲ್ಲ, ಪೋಸ್ಟ್‌ಕಾರ್ಡ್ ಅಷ್ಟೇ ಹೋಗುತ್ತಿತ್ತು. ಬಡಿಗೇರಣ್ಣ ಹೇಳಿದಂತೆ ಕೆರೆದೆ, ಅಸಿಟೋನ್ ಹಚ್ಚಿದೆ. ಬಟ್ಟೆ ಪೂರ್ತಿ ಹಳದಿ ಆಯಿತು, ಅಷ್ಟು ಎಣ್ಣೆ ಇತ್ತು. ಎಪಾಕ್ಸಿ ಹಾಕಿ ಸೈಕಲ್ ಟ್ಯೂಬ್ ಸುತ್ತುವಾಗ ಒಬ್ಬನಿಂದ ಆಗಲಿಲ್ಲ. ತಮ್ಮ ಬಕೆಟ್ ತಿರುಗಿಸಿದ, ನಾನು ಎಳೆದೆ. ಕೊನೆಯ ಸುತ್ತಿಗೆ ಅಂಟು ಸಣ್ಣ ಮಣಿ ಮಣಿಯಾಗಿ ಹೊರಗೆ ಬಂತು. ಒರೆಸಿದೆ. ಈಗ ಬೆರಳಾಡಿಸಿದರೆ ಎಲ್ಲಿತ್ತು ಅಂತ ಗೊತ್ತಾಗೋದಿಲ್ಲ, ಕಣ್ಣಿಗೆ ಮಾತ್ರ ಕೂದಲೆಳೆಯಷ್ಟು ಗೆರೆ ಕಾಣುತ್ತೆ. ಬಾತುಕೋಳಿ ನಾಲ್ಕೂ ಕ್ಷೇಮ.

ಶರಣು ಅಣ್ಣನ ಅಂಗಡಿಯ ಹೆಸರು ಗೊತ್ತಿಲ್ಲದೆ ಬೇರೆ ಕಡೆ ಪ್ಯಾರಾಫಿನ್ ಕೇಳಿದೆ. ಎಷ್ಟು ದಿನದಿಂದ ತೊಂದರೆ ಅಂತ ಕೇಳಿದರು. ಡಬ್ಬಿಗೆ ಅಂದೆ. ಗಟ್ಟಿಯಾಗಿ ನಕ್ಕರು.

ಎಣ್ಣೆ ಹಚ್ಚಿದ ಮೇಲೆ ಅವ್ವ ನೋಡಿದಳು. ತುಂಬ ಹೊತ್ತು ಮಾತಾಡಲಿಲ್ಲ. "ನಿಮ್ಮ ದೊಡ್ಡಪ್ಪ ತಂದಾಗ ಹೀಗೇ ಇತ್ತು" ಅಂದಳು. ಸಂಜೆ ನೋಡಿದರೆ ಒಳಗೆ ಬೇಳೆ ಬಂದು ಕೂತಿದೆ. ಔಡಲೆಣ್ಣೆ ಹಚ್ಚದ ಬೇಳೆ, ಬೇವಿನ ಎಲೆ ಹಾಕಿದ್ದಾಳೆ. ಅಷ್ಟು ರಾಜಿ ಆಯಿತು. ಮಾರೋದಿಲ್ಲ.

ಬಡಿಗೇರ ಶಹಾಬಾದ್

ಛಲೋ ಕೆಲಸ ಅಣ್ಣ. ಒಳಗಿನ ಪ್ಲಾಸ್ಟಿಕ್ ಡಬ್ಬಿ ಸಿಕ್ತಾ? ಮೊದಲ ದಿನದಿಂದ ಕೇಳ್ತಿದ್ದೇನೆ.

ಗಂಜ್‌ರಸ್ತೆ

ಅವ್ವನನ್ನು ಕೇಳಿದೆ. "ಯಾವುದು, ಆ ಕಿತ್ತಳೆ ಬಣ್ಣದ್ದಾ?" ಅಂದಳು. ಜೋಳದ ಹಿಟ್ಟಿನ ಡ್ರಮ್ಮಿನಿಂದ ತೆಗೆದು ತೋರಿಸಿದಳು. ಹಿಟ್ಟು ಅಳೆಯೋದು ನಾನು ಹುಟ್ಟಿದಾಗಿನಿಂದ ಅದರಲ್ಲೇ.

ಚೌಬಾರಾ ಅಕ್ಕ

ಕಿತ್ತಳೆ ಬಣ್ಣದ್ದಾ?! ತಮ್ಮಾ, ಫೋಟೋ ಹಾಕು, ಈಗಲೇ.

ಗಂಜ್‌ರಸ್ತೆ

ಕೊಡೋದಿಲ್ಲ ಅಂತಿದ್ದಾಳೆ ಅಕ್ಕ. ಅಳತೆ ತಪ್ಪುತ್ತಂತೆ.